ಜಗುಲಿಯ ಟಿವಿಗೆ ಸದ್ದು ಮಾಡದ ಕಂಪ್ಯೂಟರ್: ದೀಪಾವಳಿಗೆ ಹೊರಟು ಶಿವರಾತ್ರಿಗೆ ಮುಟ್ಟಿದ್ದು

ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ಅಂದರೆ ತಾಳಮದ್ದಲೆ ಕೇಳುವವರಿಗೆ ಇದು ಗೊತ್ತು. ಪಾತ್ರದ ಮಾತಾಡುವ ಅರ್ಥಧಾರಿ ಒಂದು ಪ್ರಶ್ನೆ ಎಸೆದು ಸುಮ್ಮನಾಗುತ್ತಾರೆ. ಎದುರಿನವರು ತಕ್ಷಣ ಉತ್ತರ ಕೊಡುವುದಿಲ್ಲ. ಆ ಎರಡು ಮೂರು ಸೆಕೆಂಡಿನಲ್ಲೇ ಇರುವುದು ಮಜಾ. ಕಳೆದ ದೀಪಾವಳಿಯ ರಾತ್ರಿ ನಮ್ಮ ಜಗುಲಿಯಲ್ಲಿ ಸರಿಯಾಗಿ ಅದೇ ಹೊತ್ತಿಗೆ, ಟಿವಿಗೆ ತಾಳಮದ್ದಲೆ ಹಾಕಲು ಪಕ್ಕದಲ್ಲಿಟ್ಟಿದ್ದ ನನ್ನ ಹಳೆ ಲ್ಯಾಪ್‌ಟಾಪಿನ ಫ್ಯಾನು ಜುಂಯ್ ಎಂದು ಏರಿತು. ಅಪ್ಪ ಕವಳದ ಬಾಯಲ್ಲೇ ಹೇಳಿದ: “ತಮಾ, ಅರ್ಥ ಹೇಳವು ಸುಮ್ನಾದ ಕೂಡ್ಲೇ ಇದು ಮಾತಾಡ್ಲೆ ಶುರು ಮಾಡ್ತಲೋ.”

ಮರುದಿನ ಲ್ಯಾಪ್‌ಟಾಪ್ ಬಿಚ್ಚಿ ಧೂಳು ತೆಗೆದೆ, ಪ್ರೊಸೆಸರಿನ ಬಿಸಿ ದಾಟಿಸುವ ಪೇಸ್ಟ್ ಬದಲಿಸಿದೆ. ಸದ್ದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಅಲ್ಲಿಂದ ಶುರುವಾದ ಸದ್ದಿಲ್ಲದ ಕಂಪ್ಯೂಟರಿನ ಕೆಲಸ ಶಿವರಾತ್ರಿಯ ಹಿಂದಿನ ವಾರ ಮುಗಿಯಿತು. ಮಧ್ಯೆ ನಾನು ಬಿದ್ದ ಗುಂಡಿಗಳಿಗೆ ಇನ್ನೊಬ್ಬರು ಬೀಳಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬರೀ ಯೂಟ್ಯೂಬು, ಒಟಿಟಿ ನೋಡುವವರಿಗೆ ಇದ್ಯಾವುದೂ ಬೇಡ. ಸ್ಮಾರ್ಟ್ ಟಿವಿಯೊಳಗಿನ ಆ್ಯಪ್ ಸಾಕು. ಕಂಪ್ಯೂಟರಿನ ಬ್ರೌಸರಿನಲ್ಲಿ ಒಟಿಟಿಯವರು ಎಷ್ಟೋ ಸಲ ಪೂರ್ತಿ ಗುಣಮಟ್ಟದ ಚಿತ್ರ ಕೊಡುವುದೂ ಇಲ್ಲ. ನಮ್ಮ ಮನೆಯ ಕಥೆ ಬೇರೆ. ಅಪ್ಪನ ಹತ್ತಿರ ನೂರ ನಲವತ್ತು ಯಕ್ಷಗಾನದ ವಿಸಿಡಿಗಳಿವೆ, ಒಂದಿಷ್ಟು ಡಿವಿಡಿಗಳಿವೆ, ಎರಡು ಡಬ್ಬಿ ತುಂಬ ತಾಳಮದ್ದಲೆಯ ಕ್ಯಾಸೆಟ್ಟುಗಳಿವೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡದ್ದು 2017ರಲ್ಲಿ. ಅಪ್ಪನಿಗೆ ಈಗ ಅವರ ಕುಣಿತ ನೋಡಬೇಕು ಅನಿಸಿದರೆ ಈ ತಟ್ಟೆಗಳೇ ಗತಿ. ವಿಸಿಡಿ ಪ್ಲೇಯರ್ ಸತ್ತು ವರ್ಷಗಳಾದವು. ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ಟಿವಿ ಅವನ್ನು ತೆರೆಯಲೇ ಇಲ್ಲ.

ರೆಡಿ ಸಿಗುವ ಮಿನಿ ಪಿಸಿ ತಂದುಬಿಡೋಣ ಅಂತಲೂ ಯೋಚಿಸಿದೆ. ಇಂಟೆಲ್ ಎನ್100 ಪ್ರೊಸೆಸರ್ ಹಾಕಿದವು ಬಹಳ ಕಡಿಮೆ ಕರೆಂಟ್ ತಿನ್ನುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಎರಡು ಮೂರು ಬೆರಳಗಲದ ಫ್ಯಾನು. ಸಣ್ಣ ಫ್ಯಾನು ಅಷ್ಟೇ ಗಾಳಿ ತಳ್ಳಬೇಕೆಂದರೆ ಜೋರಾಗಿ ತಿರುಗಬೇಕು, ಆಗ ಬರುವುದು ಕೀರಲು ಸದ್ದು. 120 ಎಂಎಂ ಫ್ಯಾನು ನಿಮಿಷಕ್ಕೆ ಐನೂರು ಅರುನೂರು ಸುತ್ತು ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ. ಸದ್ದಿಲ್ಲದ ಕಂಪ್ಯೂಟರಿನ ಅರ್ಧ ಗುಟ್ಟು ಇಷ್ಟೇ: ದೊಡ್ಡ ಫ್ಯಾನು, ನಿಧಾನ ತಿರುಗಾಟ. ಸರಿ, ನಾನೇ ಜೋಡಿಸುವುದು ಅಂತಾಯಿತು.

ಪ್ರೊಸೆಸರ್ ಇಂಟೆಲ್ ಐ3-12100. 2022ರಲ್ಲಿ ಬಂದದ್ದು, ನಾಲ್ಕು ಕೋರು. ಎಚ್‌ಇವಿಸಿ, ಎವಿ1 ಎರಡೂ ಬಗೆಯ ವಿಡಿಯೊವನ್ನು ಅದರೊಳಗಿನ ಗ್ರಾಫಿಕ್ಸೇ ಬಿಡಿಸುತ್ತದೆ, ಹಾಗಾಗಿ ಬಿಸಿಯಾಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಕಾರ್ಡ್ ಬೇಡವೆಂದರೆ ಒಂದು ಫ್ಯಾನು ಕಡಿಮೆ. ಭಾವನ ಮನೆಯ ಹಳೆ ಕಂಪ್ಯೂಟರಿನಲ್ಲಿ ಒಂದು 8 ಜಿಬಿ ಡಿಡಿಆರ್4 ರ‍್ಯಾಮ್ ಸುಮ್ನೆ ಕೂತಿತ್ತು, ಅದು ಬಿಟ್ಟಿ ಸಿಕ್ಕಿತು. ಮದರ್‌ಬೋರ್ಡ್ ಅದಕ್ಕೆ ಹೊಂದುವಂಥದ್ದು ಹುಡುಕಿದೆ.

ನಮ್ಮದು ಶಿರಸಿಯಿಂದ ಒಳಗಿನ ಹಳ್ಳಿ. ಆನ್‌ಲೈನಿನಲ್ಲಿ ಪಿನ್‌ಕೋಡ್ ಹಾಕಿದರೆ ಕೆಲವು ಸಾಮಾನಿಗೆ ಬರುತ್ತೇವೆ ಅನ್ನುತ್ತಾರೆ, ಕೆಲವಕ್ಕೆ ಇಲ್ಲ. ಬರುತ್ತೇವೆ ಅಂದವರೂ ಕೊನೆಗೆ ಫೋನ್ ಮಾಡಿ “ಶಿರಸಿಗೇ ಬಂದು ತಗೊಂಡು ಹೋಗಿ ಸಾರ್” ಅನ್ನುತ್ತಾರೆ. ಆದ್ದರಿಂದ ಪ್ರೊಸೆಸರ್ ಮತ್ತು ಪವರ್ ಸಪ್ಲೈ ಹುಬ್ಬಳ್ಳಿಯಿಂದಲೇ ತರೋಣ ಅಂತ ಬಸ್ ಹತ್ತಿದೆ. ಅಂಗಡಿಯ ಹುಡುಗ “12100 ತಾನೇ? ಇದು ಕಡಿಮೆಗೆ ಬಿತ್ತು ನೋಡಿ” ಅಂತ ಒಂದು ಡಬ್ಬಿ ಮುಂದಿಟ್ಟ. ನಾನು ಹೇಳಿದ್ದಕ್ಕಿಂತ ಸುಮಾರು ಎರಡು ಸಾವಿರ ಕಡಿಮೆ. ಖುಷಿಯಾಗಿ ತಗೊಂಡು ಬಂದೆ. ಮುಂಡಗೋಡ ದಾಟಿದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುತ್ತ ಕೂತೆ. 12100 ಆದ ಮೇಲೆ ಒಂದು ಎಫ್ ಇತ್ತು. ಕೆಳಗೆ, ಗ್ರಾಫಿಕ್ಸ್ ಕಾರ್ಡ್ ಬೇರೆ ಬೇಕು ಎಂಬ ಒಕ್ಕಣೆ.

ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಟಿವಿಗೆ ವೈರ್ ಚುಚ್ಚಿದರೆ ಏನೂ ಬರುವುದಿಲ್ಲ. ಆ ಒಂದು ಅಕ್ಷರಕ್ಕೆ ಮತ್ತೊಮ್ಮೆ ನೂರು ಕಿಲೋಮೀಟರ್ ಹೋಗಿ ನೂರು ಕಿಲೋಮೀಟರ್ ಬರಬೇಕಾಯಿತು. ಅದೂ ತಕ್ಷಣ ಆಗಲಿಲ್ಲ. ಅಷ್ಟರಲ್ಲಿ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಸಿಕ್ಕ ಅಂತ ತೋಟದಲ್ಲಿ ಕೊನೆ ಕೊಯ್ಲು ಶುರುವಾಯಿತು. ಕೊನೆಗೌಡ ಬಂದ ದಿನ ಮನೆಯಲ್ಲಿ ಯಾರೂ ಪ್ರೊಸೆಸರಿನ ಮಾತಾಡುವಂತಿಲ್ಲ. ಮೂರು ವಾರ ಆ ಡಬ್ಬಿ ದೇವರ ಕೋಣೆಯ ಗೂಡಿನಲ್ಲಿತ್ತು. ಪುಣ್ಯಕ್ಕೆ ಸೀಲ್ ಒಡೆದಿರಲಿಲ್ಲ, ಬಿಲ್ಲಿನ ಫೋಟೊ ಮೊಬೈಲಿನಲ್ಲಿತ್ತು. ಅಸಲು ಬಿಲ್ಲು ಬಿಸಿ ತಾಗಿದರೆ ಕಪ್ಪಾಗುವ ಆ ಹಾಳು ಕಾಗದದ್ದು. ಅಡುಗೆಮನೆಯ ಗೋಡೆಯ ಆಚೆ ಬದಿಗೇ ಆ ಗೂಡು. ಒಲೆಯ ಕಾವಿಗೆ ಅರ್ಧ ಅಕ್ಷರ ಹೋಗಿತ್ತು. ಫೋಟೊ ತೋರಿಸಿದ ಮೇಲೆ ಅಂಗಡಿಯವರು ಮುನ್ನೂರು ರೂಪಾಯಿ ಹಿಡಿದುಕೊಂಡು ಬದಲಿಸಿಕೊಟ್ಟರು. ನೀವು ಏನೇ ತಂದರೂ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಬಿಲ್ಲಿನ ಫೋಟೊ ತೆಗೆಯಿರಿ. ಡಬ್ಬಿಯ ಸೀರಿಯಲ್ ನಂಬರಿನದೂ. ವಾರಂಟಿಗೆ ಕೇಳುವುದು ಇವೆರಡನ್ನೇ. ಆನ್‌ಲೈನ್ ಆದರೆ ಪೊಟ್ಟಣ ಒಡೆಯುವ ವಿಡಿಯೊ ಕೂಡ.

ಬೋರ್ಡು, ಎಲ್ಲವನ್ನೂ ಕೂರಿಸುವ ಡಬ್ಬಿ (ಕ್ಯಾಬಿನೆಟ್ಟು), ಕೂಲರು ಆನ್‌ಲೈನಿನಲ್ಲಿ ಬಂದವು, ಅಂದರೆ ಶಿರಸಿವರೆಗೆ ಬಂದವು. ಅಡಿಕೆ ಮಂಡಿಗೆ ಹೋದ ದಿನ ಹಾಗೇ ತಂದೆ. ಪ್ರೊಸೆಸರ್ ಜೊತೆ ಒಂದು ಕೂಲರ್ ಬರುತ್ತದಲ್ಲ, ಅದು ಕೆಲಸ ಮಾಡುತ್ತದೆ, ಆದರೆ ಕೆಲಸ ಮಾಡುತ್ತಿದ್ದೇನೆ ಅಂತ ಇಡೀ ಮನೆಗೆ ಹೇಳುತ್ತದೆ. ಅದಕ್ಕೆ 120 ಎಂಎಂ ಫ್ಯಾನಿರುವ ಗೋಪುರದಂಥ ಕೂಲರ್ ತರಿಸಿದ್ದೆ. ಅದರ ಎತ್ತರ 155 ಎಂಎಂ. ಡಬ್ಬಿಯೊಳಗೆ ಎಷ್ಟು ಎತ್ತರದ ಕೂಲರ್ ಹಿಡಿಯುತ್ತದೆ ಅಂತ ಡಬ್ಬಿಯ ವಿವರದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿಯೇ ತಗೊಳ್ಳಿ. ನಾನು ಅದನ್ನು ನೋಡಿದ್ದೆ. ನೋಡದೆ ಇದ್ದದ್ದು ಟಿವಿ ಸ್ಟ್ಯಾಂಡಿನ ಖಾನೆಯ ಎತ್ತರ. ಆಚಾರಿ ಬಂದು ಮಧ್ಯದ ಹಲಗೆಯನ್ನು ಎರಡು ಇಂಚು ಕೆಳಗಿಳಿಸಿ, ಹಿಂದಿನ ಹಲಗೆ ಪೂರ್ತಿ ತೆಗೆದುಕೊಟ್ಟ. ಹಿಂಬದಿ ತೆರೆದಿರುವುದು ಬಿಸಿಗಾಳಿ ಹೋಗಲಿಕ್ಕೂ ಬೇಕೇ ಬೇಕು.

ಜೋಡಿಸಿದ್ದು ಒಂದು ಭಾನುವಾರ ಮಧ್ಯಾಹ್ನ. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಎಲ್ಲ ಕಡೆ ವಿಡಿಯೊಗಳಿವೆ, ಸ್ಕ್ರೂ ಡ್ರೈವರ್ ಹಿಡಿಯಲು ಬಂದರೆ ಸಾಕು. ಚಾಲೂ ಮಾಡಿದೆ. ಡಬ್ಬಿಯ ಹಿಂದಿನ ಫ್ಯಾನು ಭರ್ರೋ ಅಂತ ಪೂರ್ತಿ ವೇಗದಲ್ಲಿ ತಿರುಗಿತು. ಇಷ್ಟೆಲ್ಲ ಮಾಡಿ ಲ್ಯಾಪ್‌ಟಾಪಿಗಿಂತ ಜೋರು! ಕಾರಣ ಹುಡುಕಲು ಒಂದು ಸಂಜೆ ಹೋಯಿತು. ಫ್ಯಾನಿನ ವೈರಿನ ತುದಿಯಲ್ಲಿ ಮೂರು ತೂತಿದ್ದರೆ ಒಂದು ಬಗೆ, ನಾಲ್ಕಿದ್ದರೆ ಇನ್ನೊಂದು. ಮೂರು ತೂತಿನ ಫ್ಯಾನನ್ನು ಹಾಕಿ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ಅದನ್ನು ಪಿಡಬ್ಲ್ಯೂಎಂ (ನಾಲ್ಕು ತೂತಿನದರ ವೇಗ ನಿಯಂತ್ರಣ) ಅಂತ ಬಿಟ್ಟರೆ ಅದು ಯಾರ ಮಾತೂ ಕೇಳುವುದಿಲ್ಲ. ಅದನ್ನು ಡಿಸಿ ಅಂತ ಬದಲಿಸಿದೆ. 50 ಡಿಗ್ರಿವರೆಗೆ ಎರಡೂ ಫ್ಯಾನು ತೀರ ನಿಧಾನ, ಆಮೇಲೆ ಸ್ವಲ್ಪ ಸ್ವಲ್ಪವೇ ಏರುವುದು ಅಂತ ಗೆರೆ ಎಳೆದೆ. ವಿಡಿಯೊ ಓಡುವಾಗ ಪ್ರೊಸೆಸರ್ 42, 43ರಲ್ಲೇ ಇರುತ್ತದೆ.

ಈಗ ಮುಖ್ಯ ವಿಷಯ. ಟಿವಿಗೆ ಎಚ್‌ಡಿಎಂಐ ವೈರ್ ಚುಚ್ಚಲು ಕಂಪ್ಯೂಟರಿನ ಹಿಂದೆ ಕೈ ಹಾಕಿದೆ. ಕಿರುಬೆರಳಿಗೆ ಜುಮ್ ಅಂತು. ಇರುವೆ ಕಚ್ಚಿತೇನೋ ಅಂದುಕೊಂಡೆ. ಬರಿಗಾಲಲ್ಲಿ ಕೆಂಪು ನೆಲದ ಮೇಲೆ ನಿಂತಿದ್ದೆ. ಮತ್ತೆ ಮುಟ್ಟಿದೆ, ಮತ್ತೆ ಜುಮ್. ಟೆಸ್ಟರ್ ಇಟ್ಟರೆ ಡಬ್ಬಿಯ ತಗಡಿನ ಮೇಲೆ ಮಂದವಾಗಿ ದೀಪ ಹತ್ತಿತು. ನಮ್ಮದು ಹಳೆ ಮನೆ. ಪ್ಲಗ್ಗಿನಲ್ಲಿ ಮೂರು ತೂತು ಇದ್ದವು, ಮೇಲಿನ ತೂತಿಗೆ ವೈರೇ ಇರಲಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಗೊಜಲು ಸೋಸುವ ಸಣ್ಣ ಕೆಪಾಸಿಟರುಗಳು ಎರಡೂ ವೈರಿನಿಂದ ತಗಡಿಗೆ ಕೂತಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ತಗಡಿನ ಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಹರಿಯುವ ಕರೆಂಟ್ ಸ್ವಲ್ಪವೇ, ಆದರೆ ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಚುಚ್ಚಿದರೆ ಟಿವಿಯ ಪೋರ್ಟು ಸುಟ್ಟುಹೋಗಬಹುದು. ನನಗೆ ಇರುವೆ ಕಚ್ಚಿದ್ದೇ ಒಳ್ಳೆಯದಾಯಿತು.

ಎಲೆಕ್ಟ್ರಿಷಿಯನ್ ಎಂಟು ದಿನ “ನಾಳೆ ಬತ್ತೆ” ಅಂದು ಒಂಬತ್ತನೇ ದಿನ ಬಂದ. ಮನೆಯ ಹಿಂದೆ, ಬಚ್ಚಲ ನೀರು ಹರಿದು ನೆಲ ಸದಾ ತಂಪಿರುವ ಕಡೆ ಗುಂಡಿ ತೆಗೆದು, ಇದ್ದಿಲು, ಉಪ್ಪು ಹಾಕಿ ಪೈಪ್ ಹೂತ. ಅಲ್ಲಿಂದ ಜಗುಲಿಯ ಪ್ಲಗ್ಗಿಗೆ ಹಸಿರು ವೈರ್ ಎಳೆದ. 3,500 ರೂಪಾಯಿ. ಜುಮ್ ಹೋಯಿತು. ಸ್ಪೀಕರಿನಲ್ಲಿ ಯಾವಾಗಲೂ ಇರುತ್ತಿದ್ದ ಒಂದು ಹಂ ಶಬ್ದವೂ ಅದರ ಜೊತೆಗೇ ಹೋಯಿತು, ಅದು ಲಾಭ. ನೀವು ಬೇರೇನನ್ನೂ ಮಾಡದಿದ್ದರೂ ಇದೊಂದನ್ನು ಮೊದಲು ನೋಡಿಕೊಳ್ಳಿ. ನಾನು ಕೊನೆಗೆ ಮಾಡಿದೆ, ಮೊದಲು ಮಾಡಬೇಕಿತ್ತು. ಅಂದಹಾಗೆ ಅರ್ಥಿಂಗ್ ಇದ್ದರೂ ಸಿಡಿಲು ಬರುವಾಗ ಪ್ಲಗ್ ಕಿತ್ತಿಡುವುದನ್ನು ಬಿಡಬೇಡಿ, ಇಂಟರ್ನೆಟ್ಟಿನ ವೈರನ್ನೂ ಕಿತ್ತಿಡಿ. ಏಪ್ರಿಲ್, ಮೇ ತಿಂಗಳ ನಮ್ಮ ಸಿಡಿಲಿಗೆ ಎರಡು ಮೋಡೆಮ್ ಕೊಟ್ಟವನು ನಾನು.

ಟಿವಿಯಲ್ಲಿ ಚಿತ್ರ ಬಂತು. ಆದರೆ ರಿಮೋಟಿನ ಬಾಣ ಒತ್ತಿದರೆ ಮೆನು ಎಳೆದೆಳೆದು ಹೋಗುತ್ತಿತ್ತು. ನೋಡಿದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತಿದೆ. ಬೋರ್ಡಿನ ಎಚ್‌ಡಿಎಂಐ 1.4 ನಮೂನೆಯದು. 60 ಬೇಕಾದರೆ 2.0 ಇರಬೇಕು. ನನ್ನದು ಎಚ್610 ಎಂಬ ಬಗೆಯ ಬೋರ್ಡು, ಅವುಗಳಲ್ಲಿ ಎರಡೂ ಥರದವು ಇವೆ, ಮಾರುವ ಪುಟದಲ್ಲಿ ದೊಡ್ಡದಾಗಿ ‘ಎಚ್‌ಡಿಎಂಐ’ ಅಂತ ಮಾತ್ರ ಇರುತ್ತದೆ. ವಾಪಸ್ ಕೇಳಿದೆ. ವಿವರದ ಪಟ್ಟಿಯಲ್ಲಿ ಬರೆದಿದ್ದೆವು, ಆಗುವುದಿಲ್ಲ ಅಂದರು. ಬರೆದಿದ್ದರು, ನಿಜ, ಇಪ್ಪತ್ತನೇ ಸಾಲಿನಲ್ಲಿ. ಪುಣ್ಯಕ್ಕೆ ಬೋರ್ಡಿನಲ್ಲಿ ಡಿಸ್‌ಪ್ಲೇ ಪೋರ್ಟ್ ಇತ್ತು. ಅದರಿಂದ ಎಚ್‌ಡಿಎಂಐ 2.0ಕ್ಕೆ ಬದಲಿಸುವ ‘ಆ್ಯಕ್ಟಿವ್’ ಅಡಾಪ್ಟರ್ 1,350 ರೂಪಾಯಿಗೆ ತರಿಸಿದೆ. ಇನ್ನೂರು ರೂಪಾಯಿಯ ಸಾದಾ ಅಡಾಪ್ಟರಿನಲ್ಲಿ ಇದು ಆಗುವುದಿಲ್ಲ. ಸತ್ಯ ಹೇಳಬೇಕೆಂದರೆ ವಿಸಿಡಿಯ ಚಿತ್ರ ಇರುವುದೇ 352ಕ್ಕೆ 288 ಚುಕ್ಕಿ. ಚಿಟ್ಟಾಣಿಯವರು ಜೋರಾಗಿ ಸುತ್ತಿದರೆ ಮುಖ, ಕಿರೀಟ ಎಲ್ಲ ಚೌಕ ಚೌಕ. ಅದಕ್ಕೆ 4ಕೆ ಯಾಕೆ ಅಂತ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಅಡಾಪ್ಟರ್ ಆಗಲೇ ದಾರಿಯಲ್ಲಿತ್ತು.

ತಂತ್ರಾಂಶ ಲಿಬ್ರೆಎಲೆಕ್. ಅದು ಹೆಚ್ಚುಕಡಿಮೆ ಕೋಡಿ ಎಂಬ ವಿಡಿಯೊ ಪ್ಲೇಯರ್ ಓಡಿಸಲೆಂದೇ ಇರುವ ಪುಟ್ಟ ಲಿನಕ್ಸ್, ಬಿಟ್ಟಿ. ಕೋಡಿಯಲ್ಲಿ ಒಂದು ಸೆಟ್ಟಿಂಗ್ ಮರೆಯಬೇಡಿ: ವಿಡಿಯೊಗೆ ತಕ್ಕಂತೆ ಟಿವಿಯ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು ಅನ್ನುವುದನ್ನು ಬದಲಿಸುವುದು. ನಮ್ಮ ಕಡೆಯ ಯಕ್ಷಗಾನದ ವಿಸಿಡಿ, ಡಿವಿಡಿಗಳು ಸೆಕೆಂಡಿಗೆ 25 ಚಿತ್ರದವು. 60ರಲ್ಲಿ ನೋಡಿದರೆ ಸರಿಯಾಗಿ ಭಾಗವಾಗದೆ ಕುಣಿತ ಎಲ್ಲೋ ಒಂದು ಕಡೆ ಎಡವಿದ ಹಾಗೆ ಕಾಣುತ್ತದೆ. 50ಕ್ಕೆ ಬದಲಾದರೆ ಹೆಜ್ಜೆ ನೀಟು. ಅಪ್ಪನಿಗೆ ಇದ್ಯಾವುದೂ ಹೇಳಿರಲಿಲ್ಲ. ಮೊದಲು 60ರಲ್ಲಿ ಹಾಕಿದ್ದಾಗ “ಹೆಜ್ಜೆ ತಾಳಕ್ಕೆ ಸರಿ ಕೂರ್ತಿಲ್ಲೆ” ಅಂದಿದ್ದ.

ಸಾಮಾನೆಲ್ಲ ಸರಿಯಾಯಿತು ಅಂದುಕೊಂಡು ಹಳೆಯ 2 ಟಿಬಿ ಹಾರ್ಡ್ ಡಿಸ್ಕ್ ಒಳಗೆ ಕೂರಿಸಿದೆ. ರಾತ್ರಿ ಒಂಬತ್ತಕ್ಕೆ ಎಲ್ಲ ಸುಮ್ಮನಾದ ಮೇಲೆ ಒಂದು ಗುಂಯ್‌ಗುಡುವಿಕೆ. ಫ್ಯಾನನ್ನು ಬೆರಳಲ್ಲಿ ನಿಲ್ಲಿಸಿ ನೋಡಿದೆ, ಹೋಗಲಿಲ್ಲ. ಟಿವಿ ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟರೆ ಹಲಗೆಯೇ ನಡುಗುತ್ತಿದೆ. ನಿಮಿಷಕ್ಕೆ 7200 ಸುತ್ತುವ ಡಿಸ್ಕು ಅಂದರೆ ಸೆಕೆಂಡಿಗೆ 120. ಆ ಸ್ಟ್ಯಾಂಡ್ ನಮ್ಮದೇ ತೋಟದ ಹಲಸಿನ ಹಲಗೆಯದು. ಮದ್ದಲೆ ಮಾಡುವುದೂ ಹಲಸಿನ ಮರದಲ್ಲೇ ಅಲ್ವಾ! ನಾನೇ ಒಂದು ದೊಡ್ಡ ಮದ್ದಲೆ ಮಾಡಿ ಅದರೊಳಗೆ ಹಾರ್ಡ್ ಡಿಸ್ಕ್ ಇಟ್ಟು ಬಾರಿಸುತ್ತಿದ್ದೆ. ಡಬ್ಬಿಯ ಕೆಳಗೆ ರಬ್ಬರ್ ಇಟ್ಟೆ, ಹವಾಯಿ ಚಪ್ಪಲಿ ಕತ್ತರಿಸಿ ಇಟ್ಟೆ. ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಡಿಸ್ಕನ್ನು ಹೊರಗೆ ತೆಗೆದು, ಅಟ್ಟದಲ್ಲಿ ಇಂಟರ್ನೆಟ್ಟಿನ ರೂಟರ್ ಇರುವಲ್ಲಿ ಅದರ ಯುಎಸ್‌ಬಿಗೆ ಸಿಕ್ಕಿಸಿದೆ. ವೈರ್ ಜಗುಲಿಗೆ ಬರುತ್ತದೆ, ಸದ್ದು ಬರುವುದಿಲ್ಲ. ಕಂಪ್ಯೂಟರಿನೊಳಗೆ 500 ಜಿಬಿ ಎಸ್‌ಎಸ್‌ಡಿ ಮಾತ್ರ, ಅದರಲ್ಲಿ ತಿರುಗುವುದೇ ಏನಿಲ್ಲ.

ಮಾರನೇ ದಿನ ಕರೆಂಟ್ ಹೋಯಿತು. ಇನ್ವರ್ಟರ್ ಹತ್ತಿತು. ಅಷ್ಟು ಹೊತ್ತು ಇದ್ದೂ ಇಲ್ಲದಂತಿದ್ದ ಕಂಪ್ಯೂಟರ್ ಜೇನುಗೂಡಿನ ಹಾಗೆ ಗೊಂಯ್ ಅನ್ನತೊಡಗಿತು. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಕರೆಂಟಿನ ಅಲೆ ನುಣುಪಾಗಿ ಏರಿಳಿಯುವ ಬದಲು ಅದರಲ್ಲಿ ಮೆಟ್ಟಿಲು ಹತ್ತಿ ಇಳಿದ ಹಾಗೆ ಬರುತ್ತದೆ. ಸೀಲಿಂಗ್ ಫ್ಯಾನ್ ಇನ್ವರ್ಟರಿನಲ್ಲಿ ಗುಂಯ್ ಅನ್ನುವುದೂ ಇದಕ್ಕೇ. ಈಗಿನ ಪವರ್ ಸಪ್ಲೈಗಳಿಗೆ ಅದು ಒಗ್ಗುವುದಿಲ್ಲ, ಒಮ್ಮೊಮ್ಮೆ ಕಂಪ್ಯೂಟರ್ ಆರಿಯೇ ಹೋಗುತ್ತದೆ. ಮಳೆಗಾಲದಲ್ಲಿ ನಮಗೆ ದಿನದಲ್ಲಿ ಅರ್ಧ ಹೊತ್ತು ಇನ್ವರ್ಟರೇ ಗತಿ. ಹಳೆಯದನ್ನು ಕೊಟ್ಟು ಸೈನ್ ವೇವ್ ಇನ್ವರ್ಟರ್ ತಂದೆ, ಮೇಲೆ 6,200 ರೂಪಾಯಿ. ಬ್ಯಾಟರಿ ಅದೇ. ಈ ಖರ್ಚನ್ನು ಕಂಪ್ಯೂಟರಿನ ಲೆಕ್ಕಕ್ಕೆ ಸೇರಿಸಬಾರದು ಅಂತ ನನ್ನ ವಾದ. ಇವಳು ಒಪ್ಪಿಲ್ಲ.

ಲೆಕ್ಕ ಕೇಳುವವರಿಗೆ: ಪ್ರೊಸೆಸರ್ 9,800, ಬೋರ್ಡ್ 6,400, ಎಸ್‌ಎಸ್‌ಡಿ 2,900, 450 ವ್ಯಾಟಿನ ಪವರ್ ಸಪ್ಲೈ 3,300, ಡಬ್ಬಿ 3,200, ಕೂಲರ್ 1,900. ಅಲ್ಲಿಗೆ 27,500. ಅಡಾಪ್ಟರ್, ಅರ್ಥಿಂಗ್, 650ರ ಒಂದು ರಿಮೋಟು ಸೇರಿ 33,000. ಇನ್ವರ್ಟರ್ ಸೇರಿಸಿದರೆ 39,200. ಬಸ್ಸು, ಆಚಾರಿಯ ಕೂಲಿ ಬರೆದಿಟ್ಟಿಲ್ಲ, ಬೇಕಂತಲೇ.

ರಿಮೋಟ್ ಯಾಕೆಂದರೆ, ಟಿವಿಯ ರಿಮೋಟಿನಿಂದಲೇ ಪೆಟ್ಟಿಗೆಗಳನ್ನು ನಡೆಸುವ ಸಿಇಸಿ ಸೌಲಭ್ಯ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಸಣ್ಣ ರಿಮೋಟ್ ಸಾಕು. ಇನ್ನೊಂದು: ಅಪ್ಪನಂಥವರು ಗೋಡೆಯ ಸ್ವಿಚ್ ಹಾಕಿದರೆ ಎಲ್ಲ ಹತ್ತಬೇಕು ಅನ್ನುವವರು. ಬಯಾಸಿನಲ್ಲಿ ‘ಕರೆಂಟ್ ಬಂದ ಕೂಡಲೇ ಚಾಲೂ ಆಗು’ ಎಂಬರ್ಥದ ಆಯ್ಕೆ ಇರುತ್ತದೆ, ಹಾಕಿಡಿ.

ಈಗ ಉಳಿದದ್ದು ವಿಸಿಡಿಗಳನ್ನು ಡಿಸ್ಕಿಗೆ ಇಳಿಸುವ ಕೆಲಸ. ಲಿನಕ್ಸಿನಲ್ಲಿ ಸಾದಾ ಫೈಲಿನ ಹಾಗೆ ಕಾಪಿ ಮಾಡಲು ಹೋದರೆ ಎರರ್ ಬರುತ್ತದೆ, ತಟ್ಟೆ ಹಾಳಾಗಿದೆ ಅಂದುಕೊಳ್ಳಬೇಡಿ. ವಿಸಿಡಿಯ ವಿಡಿಯೊ ಬರೆದಿರುವ ರೀತಿಯೇ ಬೇರೆ. ವಿಂಡೋಸಿನಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರಿನೊಳಗಿನ ಡಿಎಟಿ ಫೈಲ್ ಹಾಗೇ ಎಳೆದುಕೊಳ್ಳಬಹುದು. ಬೂಷ್ಟು ಬಂದ ತಟ್ಟೆಯನ್ನು ಸೋಪಿನ ನೀರಲ್ಲಿ ತೊಳೆದು, ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಇಲ್ಲಿವರೆಗೆ ತೊಂಬತ್ತಾರು ಇಳಿದಿವೆ, ಏಳು ಏನು ಮಾಡಿದರೂ ಓದಲಿಲ್ಲ.

ಮೊನ್ನೆ ರಾತ್ರಿ ಅದೇ ದೀಪಾವಳಿಯ ತಾಳಮದ್ದಲೆ ಹಾಕಿದೆ. ಪ್ರಶ್ನೆ ಬಂತು, ಅರ್ಥಧಾರಿ ಸುಮ್ಮನಾದರು. ಅಪ್ಪ ಕಿವಿಗೊಟ್ಟು ಕೂತಿದ್ದ. ಆಮೇಲೆ ಎದ್ದು ಹೋಗಿ ಗೋಡೆ ಗಡಿಯಾರ ಕೆಳಗಿಳಿಸಿ, ಅದರ ಶೆಲ್ ತೆಗೆದು ಕಿಟಕಿಯಲ್ಲಿಟ್ಟು ಬಂದ.